ಮೈಗಳ್ಳ ಮುಳ್ಳು, ಅತ್ತಿಯವರ ಗಾಡಿ

ಹಳೇ ಗಾಡಿ ಇಟಗೊಂಡಾಂವಗ ಬ್ಯಾರೆ ಮನರಂಜನಿ ಬೇಕಾಗಂಗಿಲ್ಲ. ದಿನಾ ಒಂದಿಲ್ಲೊಂದು ನಡದ ಇರತೈತಿ. ನಗಾವ್ರು ಮಾತ್ರ ಬ್ಯಾರೆಯವರು.

ನಂದು ಮೂವತ್ತು ವರ್ಷದ ಗಾಡಿ. ನಂದು ಅಂದ್ನಿ, ಆದ್ರ ಖರೇ ಹೇಳಬೇಕಂದ್ರ ಅದು ನಮ್ಮ ಅತ್ತಿಯವರದು. ಉಪ್ಪಿನಬೆಟಗೇರಿಯೊಳಗ ಒಂದು ವರ್ಷ ಹತ್ತಿ ಭಾಳ ಛಲೋ ಬಂದಿತ್ತಂತ, ಆಗ ತಮ್ಮ ಹೆಸರಲೇ ತಗೊಂಡಿದ್ರು. ಹೊಡಿಯಾವ್ರು ಮಾವನವರು, ಹಿಂದ ಕುಂದರಾವ್ರು ಅತ್ತಿಯವರು. ನಾಕು ವರ್ಷದ ಹಿಂದ ಮಾವನವರ ಮೊಣಕಾಲು ಕಿಕ್ ಹೊಡಿಯಾಕ ಒಲ್ಲೆ ಅಂದ ಮ್ಯಾಲ ಗಾಡಿ ಹುಬ್ಬಳ್ಳಿಯ ಗೋಪನಕೊಪ್ಪಕ್ಕ, ನಮ್ಮ ಮನಿಗೆ ಬಂತು. ಕಾಗದಪತ್ರ ಮಾತ್ರ ಅತ್ತಿಯವರ ಟ್ರಂಕಿನ್ಯಾಗ ಉಳದ್ವು, ನನಗ ಝೆರಾಕ್ಸ್ ಸಿಕ್ಕಿತು.

ನಿಂತ ಗಾಡಿಯ ಸ್ಪೀಡು

ಇಂಜಿನ್ ಬೆಣ್ಣಿ ಹಂಗಿತ್ತು. ಸ್ಪೀಡ್ ಮೀಟರಿನ ಮುಳ್ಳು ಮಾತ್ರ ಮೈಗಳ್ಳ. ಗೋಪನಕೊಪ್ಪದಾಗ ಗಾಡಿ ಚಾಲೂ ಮಾಡಿದ್ರ ಅದಕ್ಕ ಎಚ್ಚರ ಆಗೂದ್ರಾಗ ದೇಶಪಾಂಡೆ ನಗರ ಬರತಿತ್ತು, ಅಲ್ಲೇ ನಮ್ಮ ಆಫೀಸು. ಒಮ್ಮೆ ಎದ್ದ ಮ್ಯಾಲ ಮಲಗಾಕೂ ಅಷ್ಟ ಆಳಸ. ಗಾಡಿ ನಿಂದರಿಸಿ, ಸ್ಟ್ಯಾಂಡ್ ಹಾಕಿ, ಒಂದು ಕಪ್ ಚಾ ಕುಡದ ಬಂದ್ರೂ ಮುಳ್ಳು ಮೂವತ್ತರ ಮ್ಯಾಲ ಕುಂತಿರತಿತ್ತು.

ಒಂದಿನ ಸರ್ಕಲ್ಲಿನ್ಯಾಗ ಟ್ರಾಫಿಕ್ ಪೊಲೀಸ್ ಒಬ್ಬಾಂವ ಕೈ ಮಾಡಿ ನಿಂದರಿಸಿದ. ಕಾಗದ ಕೇಳಿದ, ಝೆರಾಕ್ಸ್ ಕೊಟ್ನಿ. ಅದನ್ನ ನೋಡಕೋತ ಅವನ ಕಣ್ಣು ಮೀಟರಿನ ಮ್ಯಾಲ ಬಿತ್ತು. ಬಗ್ಗಿ ಗಾಲಿ ನೋಡಿದ, ಮತ್ತ ಮೀಟರ್ ನೋಡಿದ, ಆಮ್ಯಾಲ ನನ್ನ ಮಾರಿ ನೋಡಿದ.

"ಗಾಡಿ ನಿಂತೈತಿಲ್ಲೊ ಸರ್?"

"ನಿಂತೈತ್ರಿ."

"ಮತ್ತ ಈ ಮೂವತ್ತು ಯಾರದು?"

ಅದು ಹಿಂದಿನ ಓಣಿಯೊಳಗಿನ ಸ್ಪೀಡ್ರಿ, ಇನ್ನ ಇಳಿಯಾಕತ್ತೈತಿ ಅಂತ ತಿಳಿಸಿ ಹೇಳಿದ್ನಿ. ಅಂವ ತಲಿ ಕೆರಕೊಂಡು ಝೆರಾಕ್ಸ್ ನನ್ನ ಕೈಯಾಗ ಕೊಟ್ಟ. ದಂಡ ಏನೂ ಹಾಕಲಿಲ್ಲ. ಹೋಗ್ರಿ ಸರ್, ಆದ್ರ ನಿಂತಾಗರ ಸ್ವಲ್ಪ ಸಾವಕಾಶ ಹೊಡೀರಿ ಅಂದ.

ಷಡ್ಡಕನ ಚಾಡಿ

ನನಗ ಒಬ್ಬ ಷಡ್ಡಕ ಅದಾನ, ಅಂದ್ರ ನನ್ನ ಹೆಂಡ್ತಿಯ ತಂಗಿ ಗಂಡ. ಧಾರವಾಡದಾಗ ಇರತಾನ. ಮಾತು ಕೇಳಿದ್ರ ಪೇಡೆ ತಿಂದಷ್ಟು ಸವಿ. ಆದ್ರ ಅವನ ಕಣ್ಣು ನಾಕು ವರ್ಷದಿಂದ ಈ ಗಾಡಿ ಮ್ಯಾಲ. ಹಳೇ ಗಾಡಿ ಈಗ ಫ್ಯಾಶನ್ ಅಂತ, ಹಿಂದಿನ ಮಡ್‌ಗಾರ್ಡ್ ಕೊಯ್ದು, ಕರೇ ಬಣ್ಣಾ ಬಳದು, ಒಬ್ಬರ ಕುಂದರೂ ಸೀಟ್ ಹಾಕಸ್ತಾನಂತ.

ಆ ಪುಣ್ಯಾತ್ಮ ಉಪ್ಪಿನಬೆಟಗೇರಿಗೆ ಫೋನ್ ಹಚ್ಚಿ, ದೊಡ್ಡ ಅಳಿಯಂದ್ರು ಗಾಡಿ ಹಾಳು ಮಾಡ್ಯಾರ, ಮೀಟರ್ ಸೈತ ಸತ್ತೈತಿ ಅಂತ ಊದಿದ. ಅತ್ತಿಯವರಿಗೆ ಇಂಜಿನ್ ತಿಳಿಯಂಗಿಲ್ಲ, ಕ್ಲಚ್ ತಿಳಿಯಂಗಿಲ್ಲ. ಅವರಿಗೆ ಗೊತ್ತಿದ್ದದ್ದು ಮೀಟರ್ ಒಂದ. ಅಷ್ಟು ವರ್ಷ ಮಾವನವರ ಹೆಗಲ ಮ್ಯಾಲಿಂದ ಅದನ್ನ ನೋಡಕೋತನ ಕುಂತಾವ್ರು. ಮುಳ್ಳು ನಲವತ್ತು ದಾಟಬಾರದು ಅನ್ನೂದು ಅವರ ಕಾಯ್ದೆ.

ಸಂಜಿಗೆ ನನ್ನ ಹೆಂಡ್ತಿಗೆ ಅವರ ಫೋನ್ ಬಂತು. ಎಳ್ಳಮವಾಸಿಗೆ ಊಟಕ್ಕ ಹೊಲಕ್ಕ ಹೋಗತೇವಲ್ಲ, ಆವತ್ತ ಗಾಡಿ ತಗೊಂಡ ಬರ್ರಿ, ನಾ ಅದರ ಮ್ಯಾಲ ಕುಂತು ಹೋಗತೇನಿ. ಮುಳ್ಳು ಬರೋಬರಿ ಎದ್ರ ಗಾಡಿ ನಿಮ್ಮಲ್ಲೇ ಇರಲಿ, ಇಲ್ಲಂದ್ರ ಸಣ್ಣ ಅಳಿಯಂದ್ರು ಅಲ್ಲಿಂದನ ಧಾರವಾಡಕ್ಕ ಒಯ್ಯಲಿ. ಇಷ್ಟ ಹೇಳಿ ಫೋನ್ ಇಟ್ರಂತ.

ನನಗ ಊಟ ಸೇರಲಿಲ್ಲ. ಆ ಗಾಡಿ ಮ್ಯಾಲ ನನಗ ಖರೇನ ಜೀವ. ತಾಟಿನ ಮುಂದ ಕುಂತು, ಅದು ಹೋತಂದ್ರ ನನಗ ಈ ಮನ್ಯಾಗ ಹೊತ್ತು ಹೋಗಂಗಿಲ್ಲ ನೋಡು ಅಂದ್ನಿ. ಹೆಂಡ್ತಿ ರೊಟ್ಟಿ ತಟ್ಟೂದು ನಿಂದರಿಸಿ ನನ್ನ ಕಡೆ ತಿರಗಿದ್ಳು.

"ನಾ ತಿಂಗಳಗಟ್ಟಲೆ ತವರುಮನಿಗೆ ಹೋಗಿದ್ನಿ. ಒಂದ ದಿನರ ಹಿಂಗ ಅಂದಿದ್ರೇನು?"

ಕೊಬ್ಬರಿ ಎಣ್ಣಿಯ ಮಹಿಮಾ

ಮುಂದಿನ ಗಾಲಿಯಿಂದ ಮೀಟರಿನ ತನಕಾ ಒಂದು ಕೇಬಲ್ ಹೋಗತೈತಿ. ಗಾಲಿ ತಿರಗಿದ್ರ ಅದರೊಳಗಿನ ತಂತಿ ತಿರಗತೈತಿ, ತಂತಿ ತಿರಗಿದ್ರ ಮುಳ್ಳು ಏಳತೈತಿ. ನಮ್ಮ ಆಫೀಸಿನ ಹೆಡ್ ಕ್ಲಾರ್ಕ್ ಸಾಹೇಬ್ರು ಇದನ್ನೆಲ್ಲಾ ಕೇಳಿ, ತಂತಿ ಒಣಗಿರತೈತಿ, ಎಣ್ಣಿ ಕುಡಸ್ರಿ ಅಂದ್ರು. ಯಾವ ಎಣ್ಣಿ ಅಂತ ಅವರು ಹೇಳಲಿಲ್ಲ, ನಾ ಕೇಳಲಿಲ್ಲ. ಮನಿಗೆ ಬಂದ್ನಿ, ಕೇಬಲ್ ಬಿಚ್ಚಿದ್ನಿ, ಕನ್ನಡಿ ಮುಂದಿನ ಕೊಬ್ಬರಿ ಎಣ್ಣಿ ಬಾಟ್ಲಿ ತಂದು ಅರ್ಧಾ ಸುರುವಿದ್ನಿ.

ಮಧ್ಯಾಹ್ನದ ಬಿಸಲಾಗ ಹೊಡದ ನೋಡಿದ್ರ ಮುಳ್ಳು ಸರ್ರನೆ ಎದ್ದು ನಿಂತಿತು. ನಾ ಹಿಗ್ಗಿ ಹೀರೇಕಾಯಾದ್ನಿ. ಷಡ್ಡಕಗ ಫೋನ್ ಹಚ್ಚಿ, ಏನಪಾ ಆರಾಮಿದ್ದೀಯಿಲ್ಲೊ ಅಂತ ಸುಮ್ಮನ ಕೇಳಿ ಇಟ್ನಿ.

ಚಳಿಗಾಲದಾಗ ಕೊಬ್ಬರಿ ಎಣ್ಣಿ ಗಟ್ಟಿಯಾಗತೈತಿ ಅನ್ನೂದು ನನಗ ಗೊತ್ತಿರಲಿಲ್ಲಂತಲ್ಲ. ತಲಿಗೆ ಹಚ್ಚಕೊಳ್ಳೂ ಮುಂದ ದಿನಾ ಬಾಟ್ಲಿ ಬಿಸಿನೀರಾಗ ಇಡಾಂವ ನಾನ. ಆದ್ರ ಗಾಡಿಗೂ ಅದ ಕಾಯ್ದೆ ಅಂತ ಹೊಳೀಲಿಲ್ಲ. ಮರುದಿನ ಮುಂಜಾನಿ ನೋಡಿದ್ರ ಮುಳ್ಳು ಮಿಸುಕಾಡವಲ್ತು. ಹನ್ನೊಂದಕ್ಕ, ಬಿಸಲು ಏರಿದ ಮ್ಯಾಲ, ಎಚ್ಚರಾತು. ಸಂಜಿ ಐದೂವರಿಗೆ ತಂಪು ಬಿದ್ದಕೂಡ್ಲೆ ಮತ್ತ ಮಲಗಿತು. ವಾರಗಟ್ಟಲೆ ಇದ ಹಾಡು. ನಾ ಹೆಡ್ ಕ್ಲಾರ್ಕರ ಮುಂದ ಹೋಗಿ ಅಳಲು ತೋಡಿಕೊಂಡ್ನಿ.

ಅವರು ಫೈಲಿನಿಂದ ತಲಿ ಎತ್ತದನ ಹೇಳಿದ್ರು, ಬಿಡ್ರಿ, ಹನ್ನೊಂದಕ್ಕ ಎದ್ದು ಐದೂವರಿಗೆ ಮಲಗತೈತಿ ಅಂದ್ರ ಅದು ನಮ್ಮ ಆಫೀಸಿನ್ಯಾಗ ಖಾಯಂ ಆತು ಅಂತ ಅರ್ಥ.

ಚಾದಾಗ ಬಿದ್ದದ್ದು

ಎಳ್ಳಮವಾಸಿಗೆ ಇನ್ನ ನಾಕ ದಿನಾ ಉಳದಿತ್ತು. ಕಡೀಕ ಹಳೇ ಹುಬ್ಬಳ್ಳಿಯೊಳಗಿನ ಒಬ್ಬ ಚಾಚಾರ ಅಂಗಡಿಗೆ ಹೋದ್ನಿ. ಮೊದಲ ಕೈಗಡಿಯಾರ ರಿಪೇರಿ ಮಾಡತಿದ್ರು. ಮೊಬೈಲ್ ಬಂದು ಗಡಿಯಾರ ಕಟ್ಟಾವ್ರು ಕಡಿಮಿ ಆದ ಮ್ಯಾಲ ಗಾಡಿ ಮೀಟರಿಗೆ ಬಂದ್ರು. ಕಣ್ಣಿಗೆ ಸಿಗಿಸೂ ಆ ಸಣ್ಣ ದುರ್ಬೀನು ಇನ್ನ ಹಂಗ ಐತಿ. ನನಗೊಂದು ಚಾ ತರಿಸಿಟ್ಟು, ಮೀಟರಿನ ಸುತ್ತಿನ ತಗಡಿನ ಬಳಿ ಸಾವಕಾಶ ಎಬ್ಬಿಸಿ, ಗಾಜು ತಗದು, ಒಳಗ ಇಣಿಕಿದ್ರು. ಮೂಸಿ ನೋಡಿದ್ರು.

"ಸಾಹೇಬ್ರ, ಇದರಾಗ ಒಗ್ಗರಣಿ ಹಾಕೀರೇನು?"

ನಾ ಕೊಬ್ಬರಿ ಎಣ್ಣಿ ಕಥಿ ಹೇಳಿದ್ನಿ. ತಿರಗೂ ತಂತಿ ಎಣ್ಣೀನ ಮ್ಯಾಲಕ್ಕ ಏರಿಸಿತ್ತಂತ. ಮೊದಲ ಮುಳ್ಳಿನ ಬುಡದಾಗ ಹಳೇ ಗ್ರೀಸು ಒಣಗಿ ಬೆಲ್ಲದ ಅಂಟಿನಂಗ ಹಿಡದಿತ್ತು, ಅದರ ಮ್ಯಾಲ ನನ್ನ ಕೊಬ್ಬರಿ ಎಣ್ಣಿ. ಚಾಚಾ ಮುಳ್ಳು ಕಿತ್ತಿಟ್ಟು, ಪೆಟ್ರೋಲಿನ್ಯಾಗ ಅದ್ದಿದ ಬ್ರಶ್ಶಲೇ ಎಲ್ಲಾ ತೊಳದ್ರು. ಆಮ್ಯಾಲ ಸೂಜಿ ಮೊನಿಯಿಂದ ಗಡಿಯಾರದ ಎಣ್ಣಿ ಒಂದ ಒಂದು ಹನಿ ಇಟ್ರು. ನೀವು ಅರ್ಧಾ ಬಾಟ್ಲಿ, ನಾ ಒಂದು ಹನಿ, ಇಷ್ಟ ನೋಡ್ರಿ ಫರಕು ಅಂದ್ರು. ಮುಳ್ಳು ಕೂಡಸೂ ಮುಂದ, ಈಗ ಉಸಿರು ಬಿಡಬ್ಯಾಡ್ರಿ ಅಂತ ತಾಕೀತು ಮಾಡಿದ್ರು.

ಉಸಿರು ಹಿಡದ್ನಿ. ಆದ್ರ ಪೆಟ್ರೋಲ್ ವಾಸನಿಗೆ ಮೂಗಿನ್ಯಾಗ ಕಚಗುಳಿ ಇಟ್ಟಂಗಾಗಿ ಒಂದು ಸೀನು ಬಂತು, ಅಂಗಡಿ ಅದುರೂವಂಥಾದ್ದು. ಚಿಮಟಿಗಿಯೊಳಗಿನ ಮುಳ್ಳು ಮಾಯ. ಅರ್ಧಾ ತಾಸು ನಾವಿಬ್ಬರೂ ನೆಲದ ಮ್ಯಾಲ ಅಂಬೆಗಾಲು ಹಾಕಿ ಹುಡಕಿದ್ವಿ. ಹಳೇ ಮೀಟರಿನ ಮುಳ್ಳು ಎಲ್ಲಿ ಸಿಗಬೇಕು, ಗಾಡಿ ಧಾರವಾಡಕ್ಕ ಹೋದಂಗ ಅನಕೊಂಡ್ನಿ. ಸಂಕಟ ತಡೀಲಾರದ ಆರಿದ ಚಾ ಎತ್ತಿ ಕುಡದ್ನಿ. ಕಡೇ ಗುಟುಕಿಗೆ ತುಟಿಗೆ ಏನೋ ಚುಚ್ಚಿತು.

ಚಾಚಾ ಅದನ್ನ ಇಸಕೊಂಡು ಒರಸಿ, ಮತ್ತ ಕೆಲಸಕ್ಕ ಕುಂತ್ರು. ಆ ಗುಟುಕು ಇನ್ನಷ್ಟು ಜೋರ ಎಳದಿದ್ರ ಮೀಟರ್ ಬದಲಿ ನಿಮ್ಮನ್ನ ಗಾಡಿ ಮುಂದ ಕಟ್ಟಬೇಕಾಗತಿತ್ತು ಅಂದ್ರು.

ಸವಾಲು

ಮುಳ್ಳು ಬರೋಬರಿ ಜಾಗಾದಾಗ ಕುಂತೈತಿಲ್ಲೊ ಅಂತ ರಸ್ತೇದ ಮ್ಯಾಲ ನೋಡಬೇಕಲ್ಲ. ಚಾಚಾ ಮೊಬೈಲಿನ್ಯಾಗ ಸ್ಪೀಡ್ ತೋರಸೂ ಆ್ಯಪ್ ಹಚಕೊಂಡು ನನ್ನ ಹಿಂದ ಕುಂತ್ರು. ಅವರು ಮೊಬೈಲ್ ನೋಡಿ ಕೂಗಬೇಕು, ನಾ ಮೀಟರ್ ನೋಡಿ ಹೂಂ ಅನಬೇಕು. ಗಾಳ್ಯಾಗ ಕೇಳಸಲಿ ಅಂತ ಅವರು ಗಂಟಲು ಹರಕೊಂಡ್ರು. ಮೂವತ್ತಾರು. ಮೂವತ್ತೆಂಟು. ನಲವತ್ತು. ನಾ ಎಲ್ಲಾದಕ್ಕೂ ಹೂಂ, ಹೂಂ. ಮುಳ್ಳು ಒಂದು ಕೂದಲೆಳಿಯಷ್ಟೂ ತಪ್ಪಿರಲಿಲ್ಲ, ಸಂತೋಷಕ್ಕ ನನ್ನ ಕಣ್ಣಾಗ ನೀರು ಬಂದ್ವು.

ಬಾಜೂಕ ಸ್ಕೂಟರ್ ಮ್ಯಾಲ ನಮ್ಮ ಪರಿಚಯದ ಕಾಳಿನ ವ್ಯಾಪಾರಿ ಕಾಕಾ ಒಬ್ಬರು ಹೊಂಟಿದ್ರು. ಹುಟ್ಟಿದಾಗಿಂದ ಮಾರ್ಕೆಟ್ಟಿನ ಹರಾಜಿನ್ಯಾಗ ಸವಾಲು ಕೂಗಿ ಬೆಳದಾವ್ರು. ಚಾಚಾ ನಲವತ್ತೊಂದು ಅಂದಕೂಡ್ಲೆ, ಯಾವ ಮಾಲು ಅಂತ ಸೈತ ಕೇಳದ, ಅವರು ಕೈ ಎತ್ತಿ ನಲವತ್ತೆರಡು ನಂದು ಅಂದ್ರು.

ಹೊಲದ ದಾರಿ

ಎಳ್ಳಮವಾಸಿ ಮುಂಜಾನಿ ಉಪ್ಪಿನಬೆಟಗೇರಿ ಮುಟ್ಟೂದ್ರಾಗ ಷಡ್ಡಕ ತನ್ನ ಹೊಸಾ ಗಾಡಿ ಮ್ಯಾಲ ಬಂದು ಕಟ್ಟಿಗೆ ಕುಂತಿದ್ದ. ನನ್ನ ಗಾಡಿ ಸೀಟ್ ಎಷ್ಟು ಉದ್ದ ಐತಿ ಅಂತ ಗೇಣು ಹಾಕಿ ನೋಡಿದ. ನನಗ ಮೈ ಉರೀತು, ಹಬ್ಬದ ದಿನಾ ಅಂತ ನುಂಗಿಕೊಂಡ್ನಿ.

ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಹೋಳಿಗಿ ಬುತ್ತಿ ಜೋಡಿ ಹೆಣಮಕ್ಕಳು ಚಕ್ಕಡಿಯೊಳಗ ಮೊದಲ ಹ್ವಾದ್ರು. ಮಾವನವರು, ಮೊಣಕಾಲು ಇವತ್ತ ಛಲೋ ಐತಿ ಅಂತ ಹೇಳಿ ನನ್ನ ಕಡಿಂದ ಕಿಕ್ ಹೊಡಸಿ, ಹ್ಯಾಂಡಲ್ ತಾವ ಹಿಡದ್ರು. ಅತ್ತಿಯವರು ಸೆರಗು ಸೊಂಟಕ್ಕ ಸಿಗಿಸಿ, ಹಿಂದ ಕುಂತು, ಚಷ್ಮಾ ಏರಿಸಿಕೊಂಡು ಹೆಗಲ ಮ್ಯಾಲಿಂದ ಮೀಟರಿಗೆ ಕಣ್ಣು ಹಚ್ಚಿದ್ರು. ನಾ ಷಡ್ಡಕನ ಹಿಂದ ಕುಂತು ಬೆನ್ನ ಹತ್ತಿದ್ನಿ.

ಊರು ದಾಟಿದ ಮ್ಯಾಲ ಮಾವನವರು ತಮ್ಮ ಹಳೇ ರೂಢಿಯಂಗ, ಇಂಜಿನಿನ ಸಪ್ಪಳಾ ಕೇಳಕೋತ ಎಕ್ಸಲೇಟರಿನ ಕಿವಿ ತಿರವಿದ್ರು. ಷಡ್ಡಕ ತನ್ನ ಮೀಟರ್ ನೋಡಿ, ಅಣ್ಣಾರ, ಮಾವನವರು ಅರವತ್ತರಾಗ ಹೊಂಟಾರ ನೋಡ್ರಿ ಅಂತ ಹೊಗಳಿದ. ಅಷ್ಟರಾಗ ಮುಂದ ಅತ್ತಿಯವರ ಕೈ ಮಾವನವರ ಹೆಗಲ ಮ್ಯಾಲ ದಬದಬ ಬಿತ್ತು. ಗಾಡಿ ನಿಂತಿತು. ನಾವೂ ಹೋಗಿ ನಿಂತ್ವಿ.

ಅತ್ತಿಯವರು ಇಳದು ನಿಂತು, ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು, ಅರವತ್ತಕ್ಕ ಹೋಗಿ ನಿಂತಿತು ಅಂದ್ರು. ಷಡ್ಡಕ ತಡಾ ಮಾಡಲಿಲ್ಲ. ನಾ ಮೊದಲ ಹೇಳಿದ್ನಿಲ್ರಿ, ಮೀಟರ್ ಕೆಟ್ಟೈತಿ, ಇವತ್ತ ಒಯ್ದು ಬಿಡತೇನಿ ಅಂದ. ನಾ ಧೈರ್ಯ ಮಾಡಿದ್ನಿ.

"ಮೀಟರ್ ಬರೋಬರಿ ಐತ್ರಿ, ಹಳೇ ಹುಬ್ಬಳ್ಳಿ ಚಾಚಾ ರಿಪೇರಿ ಮಾಡ್ಯಾರ. ಇವನ ಗಾಡಿ ಹೊಸಾದು, ನಿಮ್ಮ ಬೆನ್ನ ಹಿಂದನ ಇತ್ತು. ಇವಂದು ಎಷ್ಟು ತೋರಸ್ತಿತ್ತು, ಇವನ್ನ ಕೇಳ್ರಿ."

ಅತ್ತಿಯವರು ಅವನ ಕಡೆ ನೋಡಿದ್ರು. ಅವರು ಹಂಗ ನೋಡಿದ್ರ ಸುಳ್ಳು ಹೇಳಾಕ ಯಾರಿಗೂ ಆಗಂಗಿಲ್ಲ. ಷಡ್ಡಕ ಸಣ್ಣ ಧ್ವನಿಯೊಳಗ, ಅರವತ್ರಿ ಅಂದ.

ಎಲ್ಲಾರೂ ಮಾವನವರ ಕಡೆ ತಿರಗಿದ್ವಿ. ಅವರು ಯಾರದೋ ಹೊಲದ ಜ್ವಾಳದ ತೆನಿ ಹಿಡದು ಭಾಳ ಲಕ್ಷ್ಯ ಕೊಟ್ಟು ನೋಡಾಕತ್ತಿದ್ರು. ಎಂದಿಂದ ಹಿಂಗ ಹೊಡೀತೀರಿ ಅಂತ ಅತ್ತಿಯವರು ಕೇಳಿದ್ರು. ಮೊದಲಿಂದನೂ ಹಿಂಗ ಅಂತ ಮಾವನವರು ಒಪ್ಪಿಕೊಂಡ್ರು. ಗಾಡಿ ಬಂದು ಒಂದೆರಡು ವರ್ಷಕ್ಕ ಮುಳ್ಳು ನಲವತ್ತರ ಮ್ಯಾಲ ಏಳೂದು ಬಿಟ್ಟಿತ್ತಂತ. ನಿನಗೂ ಸಮಾಧಾನ, ನನಗೂ ಲಗೂ ಮುಟ್ಟೂದಾತು ಅಂತ ರಿಪೇರಿಗೆ ಕೊಡಲಿಲ್ಲಂತ.

ಇವತ್ತ ಹಬ್ಬದ ಊಟ ಮುಗೀತು ಅನಕೊಂಡ್ನಿ. ಅತ್ತಿಯವರು ಸಾವಕಾಶ ಬಂದು ಗಾಡಿ ಮ್ಯಾಲ ಕುಂತು, ಚಷ್ಮಾ ಒರಸಿ ಹಾಕಿಕೊಂಡ್ರು.

"ಅಂದ್ರ ಇಪ್ಪತ್ತೈದು ವರ್ಷ ಅರವತ್ತರಾಗ ಕುಂತ್ರೂ ನಾ ಒಂದ ದಿನಾ ಅಂಜಿಲ್ಲ." ಧ್ವನಿಯೊಳಗ ಸಿಟ್ಟಿರಲಿಲ್ಲ, ಅಭಿಮಾನ ಇತ್ತು. "ಗಾಡಿ ಗೋಪನಕೊಪ್ಪದಾಗನ ಇರಲಿ. ನಮ್ಮ ಮನ್ಯಾಗ ಖರೇ ಹೇಳೂದು ಅದೊಂದ ಉಳದೈತಿ. ನಡೀರಿ, ಎಪ್ಪತ್ತು ಹೆಂಗಿರತೈತಿ ನೋಡೂಣು."

ನನಗ ಅಲ್ಲೇ ಕುಣೀಬೇಕು ಅನಿಸಿತು. ನಾ ಆವತ್ತ ಹೋಳಿಗಿ ಎಷ್ಟು ತಿಂದ್ನೋ ಲೆಕ್ಕ ಇಡಲಿಲ್ಲ.

ಊಟ ಆದ ಮ್ಯಾಲ ಮಾವನವರು ನನಗ ಕೈಸನ್ನಿ ಮಾಡಿ ಬನ್ನಿ ಗಿಡದ ಹಿಂದ ಕರಕೊಂಡ ಹ್ವಾದ್ರು. ಇಷ್ಟು ವರ್ಷದ ಗುಟ್ಟು ರಟ್ಟು ಮಾಡಿದಿ ಅಂತ ಬೈತಾರೇನೋ ಅಂತ ತಲಿ ತಗ್ಗಿಸಿ ನಿಂತ್ನಿ. ಅವರ ಕಣ್ಣು ಕೆಂಪಗಾಗಿದ್ವು. ಎಪ್ಪತ್ತರಾಗ ಗಾಳಿ ಹೊಡದು ನೀರು ಸುರದಾವಂತ, ಮೊಣಕಾಲು ಇನ್ನ ನಡಗಾಕತ್ತಾವಂತ. ಅಷ್ಟ ಅಲ್ಲದ ಹೊಳ್ಳಿ ಹೋಗೂ ಮುಂದ ಎಂಬತ್ತು ಬೇಕು ಅಂತ ಅತ್ತಿಯವರು ಈಗ ಹೇಳಿ ಇಟ್ಟಾರಂತ. ಯಾರರ ಕೇಳಸ್ಕೊಳ್ಳಾಕತ್ತಾರೇನು ಅಂತ ಆ ಕಡೆ ಈ ಕಡೆ ನೋಡಿ, ನನ್ನ ಎರಡೂ ಕೈ ಹಿಡಕೊಂಡ್ರು.

"ಅಳಿಯಂದ್ರ, ಆ ಚಾಚಾಗ ಒಂದು ಫೋನ್ ಹಚ್ಚಿ ಕೇಳ್ರಿ. ನಲವತ್ತರಾಗ ಹ್ವಾದ್ರ ಎಂಬತ್ತು ತೋರಸೂಹಂಗ ಮಾಡಾಕ ಬರತೈತೇನು?"