ಗಡಿದಾರದ ಡೊಂಕು

ಗಡಿರೇಖೆಗಾಗಿ ದೇಶಗಳು ರಕ್ತ ಹರಿಸಿವೆ. ಆ ಸಾಲಿಗೆ ಸೇರಬೇಕಾದ ಘನ ವಿವಾದವೊಂದು ಗುರುವಾರ ಬೆಳಿಗ್ಗೆ ಕುರಾಂಗ ಎಂಬ ಊರಿನಲ್ಲಿ, ಹುಲ್ಲಿನ ಮೇಲೆ ಗುರಿಯತ್ತ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿನಲ್ಲಿ ಹುಟ್ಟಿತು: ಮೂರನೇ ಅಂಕಣದ ಅಂಚಿಗೆ ಕಟ್ಟಿದ ಗಡಿದಾರ ಡೊಂಕಾಗಿತ್ತು. ಡೊಂಕು ಕಂಡದ್ದು ಕ್ಲೆಮ್ ಪೆಟಿಫರ್ ಒಬ್ಬನಿಗೇ ಎಂಬುದು ಬೇರೆ ಮಾತು.

ಕ್ಲೆಮ್‌ಗೆ ಎಪ್ಪತ್ತಾರು. ಶನಿವಾರದ ಫೈನಲ್‌ನಲ್ಲಿ ನಾಲ್ವರ ತಂಡದೊಳಗೆ ಒಂದು ಜಾಗ ಸಿಕ್ಕರೆ ಸಾಕು, ಲೋಕದಲ್ಲಿ ಅವನಿಗೆ ಬೇರೇನೂ ಬೇಕಿರಲಿಲ್ಲ.

"ವಿಕ್, ದಾರ ಹಾವಿನ ಹಾಗೆ ಹರಿದಾಡ್ತಿದೆ. ಸ್ವಲ್ಪ ಎಳಿಯಯ್ಯ."

ಹುಲ್ಲಂಗಳ ನೋಡಿಕೊಳ್ಳುವ ವಿಕ್ ಬಿಗಿದ. "ಇದಕ್ಕಿಂತ ನೆಟ್ಟಗೆ ನಮ್ಮಪ್ಪನೂ ಕಟ್ಟಿಲ್ಲ."

"ನಡುವೆ ಇನ್ನೂ ಉಬ್ಬಿದೆ ಮಾರಾಯ."

ವಿಕ್ ಹಲ್ಲು ಕಚ್ಚಿ ಜಗ್ಗಿದ. ದಾರ ಪಟ್ಟನೆ ತುಂಡಾಯಿತು. ಅವನು ಹಿಟ್ಟಿನ ಮೂಟೆಯಂತೆ ನೆಲಕ್ಕೆ ಕೂತ.

ಗಲಾಟೆಗೆ ತಂಡದ ನಾಯಕ ಆರ್ಚಿ ಮೆಕ್‌ಫೀ ಬಂದ. ಯಾರು ಆಡಬೇಕೆಂದು ತೀರ್ಮಾನಿಸುವವನೂ ಅವನೇ. ಏನು ನೋಡಬೇಕಾದರೂ ಹುಂಜದ ಹಾಗೆ ಕತ್ತು ವಾರೆ ಮಾಡುವುದು ಆರ್ಚಿಯ ಶೈಲಿ. ಅವನ ಗುರಿಯ ಗುಟ್ಟು ಅದೇ ಎಂದು ನಂಬಿ ಅರ್ಧ ಕ್ಲಬ್ಬು ಅದನ್ನು ಅಭ್ಯಾಸ ಮಾಡಿತ್ತು. ತುಂಡಾದ ದಾರವನ್ನೂ ವಾರೆಯಾಗಿಯೇ ನೋಡಿ, "ನಂಗೆ ಹಲ್ಲಿನ ಡಾಕ್ಟ್ರ ಹತ್ರ ಹೋಗೋದಿದೆ. ತಂಡ ಸಂಜೆ ಹೇಳ್ತೀನಿ," ಎಂದು ನಡೆದ.

ಕ್ಲೆಮ್ ಮನೆಗೆ ಬಂದರೆ ಅಡುಗೆಮನೆಯ ಟೈಲ್ಸ್ ಸಾಲೂ ಬಾಗಿತ್ತು. "ಡೋರೀನ್, ವಿಕ್ ಇಲ್ಲಿಗೂ ಬಂದಿದ್ನಾ?"

ಅವನ ಹೆಂಡತಿ ಕೈಲಿದ್ದ ತಟ್ಟೆ ಕೆಳಗಿಟ್ಟಳು. "ಚೌಕದ ಹಾಳೆ ಯಾವಾಗ ನೋಡಿದ್ದೆ?"

ಹೋದ ವರ್ಷವೇ ಕಣ್ಣಿನ ಡಾಕ್ಟರಮ್ಮ ಹೇಳಿದ್ದರು: ವಯಸ್ಸಿನಿಂದ ಕಣ್ಣಿನ ಪರದೆಯ ನಡುಭಾಗ, ಅಂದರೆ ಮ್ಯಾಕ್ಯುಲಾ, ಸವೆಯತೊಡಗಿದೆ. ದಿನವೂ ಒಂದೊಂದೇ ಕಣ್ಣು ಮುಚ್ಚಿ ಈ ಚೌಕದ ಹಾಳೆ ನೋಡಬೇಕು. ಗೆರೆ ಬಾಗಿ ಕಂಡರೆ ತಡಮಾಡದೆ ಬರಬೇಕು. ಹಾಳೆ ಫ್ರಿಜ್ಜಿನ ಬಾಗಿಲ ಮೇಲೇ ಇತ್ತು. ಹಾಳೆಯ ಮೇಲೆ ಕ್ಲಬ್ಬಿನ ಕ್ಯಾಲೆಂಡರ್ ಇತ್ತು.

ಡೋರೀನ್ ಕ್ಯಾಲೆಂಡರ್ ಕಿತ್ತು, ಗಂಡನ ಎಡಗಣ್ಣಿಗೆ ಅಂಗೈ ಒತ್ತಿದಳು. ಬಲಗಣ್ಣಿಗೆ ಚೌಕಗಳೆಲ್ಲ ನಡುವೆ ಹಳೇ ಮಂಚದಂತೆ ಕುಸಿದಿದ್ದವು.

"ಎಷ್ಟು ದಿನದಿಂದ ಹೀಗಿದೆ?"

"ನಮ್ಮಾಟದಲ್ಲಿ ಚೆಂಡು ಡೊಂಕಾಗೇ ಉರುಳ್ಬೇಕು ಕಣೇ. ಡೊಂಕು ಜಾಸ್ತಿ ಕಂಡ್ರೆ ಕೈ ಕುದುರಿದೆ ಅಂದ್ಕೊಂಡೆ."

ಅವಳು ಕಣ್ಣಾಸ್ಪತ್ರೆಗೆ ಫೋನು ಮಾಡಿದಳು. ಈಗಲೇ ಹೊರಡಿ ಎಂದರು.

"ಆರ್ಚಿಗೆ ಮಾತ್ರ ಗೊತ್ತಾಗ್ಬಾರ್ದು. ಕಣ್ಣು ಕೆಟ್ಟೋನಿಗೆ ಯಾರು ಜಾಗ ಕೊಡ್ತಾರೆ?"

"ಕಣ್ಣೇ ಹೋದ್ಮೇಲೆ ಜಾಗ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ಕಾರು ಹತ್ತು."

ಗೇಟಿನಲ್ಲಿ ತುಂಡಾದ ದಾರ ಹಿಡಿದು ವಿಕ್ ನಿಂತಿದ್ದ. "ಎಲ್ಲಿಗೆ ಸವಾರಿ?"

"ಪೇಟೆಗೆ. ನಿಂಗೇ ಹೊಸ ದಾರ ತರೋಕೆ," ಎಂದ ಕ್ಲೆಮ್, ಬಾಯಿಗೆ ಬಂದದ್ದು.

"ನೀನು ಆರಿಸಿದ್ರೆ ಡೊಂಕಾಗಿರೋದೇ ತರ್ತೀಯ," ಎಂದು ವಿಕ್ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟ. ಪೇಟೆ ಬರುವವರೆಗೂ ನೈಲಾನಿಗೂ ಹತ್ತಿಗೂ ಇರುವ ವ್ಯತ್ಯಾಸ ವಿವರಿಸಿದ. ಅವನನ್ನು ಹಾರ್ಡ್‌ವೇರ್ ಅಂಗಡಿಯ ಮುಂದೆ ಇಳಿಸಿ, "ಆರಿಸ್ತಿರು, ಹೀಗೆ ಹೋಗಿ ಹಾಗೆ ಬಂದ್ವಿ," ಎಂದು ದಂಪತಿಗಳು ಕಣ್ಣಾಸ್ಪತ್ರೆಗೆ ಓಡಿದರು.

"ಪರದೆಯ ಹಿಂದೆ ರಕ್ತನಾಳ ಸೋರ್ತಿದೆ," ಎಂದರು ಡಾಕ್ಟರಮ್ಮ. "ತಡ ಮಾಡಿದ್ರೆ ನಡುವಿನ ನೋಟ ಹೋಗ್ತಿತ್ತು. ಈಗ ಇಂಜೆಕ್ಷನ್ ಕೊಡ್ತೀನಿ. ಮುಂದೂ ತಿಂಗಳು ತಿಂಗಳು ಬರ್ಬೇಕು."

"ಇಂಜೆಕ್ಷನ್ ಎಲ್ಲಿಗೆ?"

"ರೋಗ ಎಲ್ಲಿದೆಯೋ ಅಲ್ಲಿಗೆ."

ಕ್ಲೆಮ್ ತನಗೆ ಗೊತ್ತಿದ್ದ ಒಂದೇ ಪ್ರಾರ್ಥನೆಯನ್ನು ಶುರುಮಾಡಿದ. ಮರಗಟ್ಟಿಸುವ ಹನಿ ಹಾಕಿದ್ದರಿಂದ ನೋವೇ ತಿಳಿಯಲಿಲ್ಲ; ಪ್ರಾರ್ಥನೆ ಅರ್ಧವಾಗುವಷ್ಟರಲ್ಲಿ ಚುಚ್ಚಿ ಮುಗಿದಿತ್ತು. ಅವನು ಡಾಕ್ಟರಮ್ಮನ ಕೈ ಕುಲುಕಿದ, ನರ್ಸಿನ ಕೈ ಕುಲುಕಿದ, ನೆಲ ಒರೆಸುತ್ತಿದ್ದವನ ಕೈಯನ್ನೂ ಬಿಡಲಿಲ್ಲ.

ಹೊರಗಿನ ಸಾಲುಕುರ್ಚಿಯಲ್ಲಿ ಒಬ್ಬ ಹುಂಜದ ಹಾಗೆ ಕತ್ತು ವಾರೆ ಮಾಡಿ ಇವನನ್ನೇ ನೋಡುತ್ತಿದ್ದ.

"ನಿಂಗೂ ಹಲ್ಲುನೋವಾ ಕ್ಲೆಮ್?"

ಕ್ಲೆಮ್ ಪಕ್ಕದ ಕುರ್ಚಿಯಲ್ಲಿ ಕೂತ. ಆರ್ಚಿ ದನಿ ತಗ್ಗಿಸಿದ. "ನಂಗೆ ನಡುವೆ ಏನೂ ಕಾಣದೆ ನಾಲ್ಕು ವರ್ಷ ಆಯ್ತು. ಅಂಚಿನಲ್ಲಿ ಕಾಣುತ್ತೆ. ವಾರೆಯಾಗಿ ನೋಡೋದನ್ನ ಇಲ್ಲಿಯೋರೇ ಕಲಿಸಿದ್ದು."

"ನಾನು ಕಣ್ಣು ನೆಟ್ಟಗಿದ್ದಾಗ್ಲೇ ಕಲಿತ್ನಲ್ಲೋ," ಎಂದ ಕ್ಲೆಮ್. ಆದರೆ ಅವನ ಎದೆ ಹಗುರಾಗಿತ್ತು; ಮುಚ್ಚಿಡಲು ಇನ್ನೇನೂ ಇರಲಿಲ್ಲ. "ಹಾಗಾದ್ರೆ ನನ್ನ ಕಷ್ಟ ನಿಂಗೆ ಅರ್ಥ ಆಗುತ್ತೆ. ಶನಿವಾರ ನನ್ನ ಜಾಗಕ್ಕೆ ತೊಂದ್ರೆ ಇಲ್ವಲ್ಲ?"

"ಅರ್ಥ ಆಗೋದ್ರಿಂದಲೇ ಹೇಳ್ತಿದ್ದೀನಿ. ಗುರಿ ಕಾಣದೋನು ಒಂದು ತಂಡಕ್ಕೆ ಒಬ್ಬ ಸಾಕು. ಆ ಜಾಗ ಭರ್ತಿಯಾಗಿದೆ." ಆರ್ಚಿ ಅವನ ತೊಡೆ ತಟ್ಟಿದ. "ವಿಕ್‌ನ ಆಡಿಸ್ತೀನಿ. ದಾರ ನೆಟ್ಟಗಿದ್ದದ್ದು ಅವನಿಗೆ ಗೊತ್ತಾಯ್ತು."

ವಾಪಸು ಬರುವಾಗ ವಿಕ್ ಹಿಂದಿನ ಸೀಟಿನಲ್ಲಿ ದಾರದುಂಡೆ ಅಪ್ಪಿಕೊಂಡು ಸಿಳ್ಳೆ ಹಾಕುತ್ತಿದ್ದ. ಕಾರು ಓಡಿಸುತ್ತಿದ್ದ ಹೆಂಡತಿಯನ್ನು ಕ್ಲೆಮ್ ಎಡಗಣ್ಣು ಮುಚ್ಚಿ ನೋಡಿದ. ಮಂಜು ಮಂಜು. ಮೂಗು ಡೊಂಕಾಗಿತ್ತು. ಆದರೆ ಮೂಗು ಇತ್ತು.

"ನೀನಿಲ್ದಿದ್ರೆ ನಾನಿನ್ನೂ ವಿಕ್‌ನ ಬೈತಾ ಇರ್ತಿದ್ದೆ ಡೋರೀನ್."

"ನಾಳೆಯಿಂದ ಪಾಲಕ್ ತಿಂತೀಯ," ಎಂದಳು ಅವಳು.

ಶನಿವಾರ ವಿಕ್ ಆಡಿದ. ಕ್ಲೆಮ್ ಚಹಾ ಹಂಚಿದ. ತಂಡ ಗೆದ್ದಿತು.