ಏಳು ಗುಲಾಬಿ, ಒಂದು ನವಿಲು

ಬಂಕಾಪುರದ ಕರಿಬಸಪ್ಪ ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದಾಗ ಕುಂಡದ ಗುಲಾಬಿ ಗಿಡದಲ್ಲಿ ಏಳೇ ಹೂವಿದ್ದವು. ಹಿಂದಿನ ಸಂಜೆ ಹನ್ನೊಂದಿದ್ದವು. ಉಳಿದ ನಾಲ್ಕು ಎಲ್ಲಿ ಹೋದವೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೋಟೆಯ ಕಡೆಯಿಂದ ಬಂದ ಗಂಡು ನವಿಲೊಂದು, ಮದುವೆಯೂಟ ಮುಗಿಸಿದ ಬೀಗರಂತೆ ಕಂಪೌಂಡ್ ಗೋಡೆಯ ಮೇಲೆ ಕೂತಿತ್ತು.

ಮರುದಿನ ಶಿಗ್ಗಾಂವಿಯಲ್ಲಿ ಹೂವಿನ ಪ್ರದರ್ಶನ. ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿಯೂ ಯಾರ ಕಣ್ಣಿಗೂ ಬೀಳದ ಕರಿಬಸಪ್ಪ, ಈ ಗಿಡದ ದೆಸೆಯಿಂದಾದರೂ ಒಂದು ಬಹುಮಾನ ಹಿಡಿಯಬೇಕೆಂದು ಎಂಟು ತಿಂಗಳು ಅದಕ್ಕೆ ಬೇವಿನ ಹಿಂಡಿ, ಸಗಣಿ ನೀರು ಉಣಿಸಿದ್ದ. ಹೇನು ಬಿದ್ದಾಗ ಒಂದೊಂದೇ ಎಲೆಯನ್ನು ಸಾಬೂನು ನೀರಿನಲ್ಲಿ ತೊಳೆದಿದ್ದ.

"ಕನ್ನಡಿ ಕಟ್ರಿ," ಎಂದಳು ಪಕ್ಕದ ಮನೆಯ ಸರೋಜವ್ವ. "ತನ್ನ ಮಾರಿ ನೋಡಿ ತಾನ ಅಂಜಿ ಓಡ್ತೈತಿ."

ಕಟ್ಟಿದ. ನವಿಲು ತನ್ನ ಮುಖ ನೋಡಿಕೊಂಡಿತು, ಮೆಚ್ಚಿಕೊಂಡಿತು, ಗರಿಬಿಚ್ಚಿ ಕುಣಿಯತೊಡಗಿತು.

ಹಿಂದಿನ ಮನೆಯ ನಿವೃತ್ತ ಕಂಪೌಂಡರ್ ಉಳಿವೆಪ್ಪ ಇದನ್ನು ನೋಡಿ ನಕ್ಕ. "ಕನ್ನಡಿಗೆ ಯಾರರ ಅಂಜತಾರೇನೋ? ಮನಷ್ಯಾಗ ಅಂಜತಾವು. ನೀನ ಬೆದರುಗೊಂಬಿ ಆಗಿ ನಿಂದ್ರು. ಕದಲಬ್ಯಾಡ."

ಕರಿಬಸಪ್ಪ ರಜೆ ಹಾಕಿ, ಕಂಬಳಿ ಹೊದ್ದು, ಛತ್ರಿ ಬಿಚ್ಚಿ ಹಿಡಿದು ಗಿಡದ ಪಕ್ಕ ನಿಂತ. ನವಿಲು ಹತ್ತು ನಿಮಿಷ ಅವನನ್ನು ಅಡ್ಡಗಣ್ಣಿನಿಂದ ಪರೀಕ್ಷಿಸಿತು. ಆಮೇಲೆ ಗೋಡೆಯಿಂದಿಳಿದು ಬಂದು ಛತ್ರಿಯ ನೆರಳಿನಲ್ಲಿ ಅವನ ಕಾಲಿಗೊರಗಿ ಕೂತಿತು.

ಎದುರಿನ ಮೊಬೈಲ್ ಅಂಗಡಿಯ ಅಯಾಜ್ ಅದರ ವಿಡಿಯೋ ಮಾಡಿ ಊರ ಗ್ರೂಪಿಗೆ ಹಾಕಿದ.

ಮಧ್ಯಾಹ್ನ ಉಳಿವೆಪ್ಪ ಏದುಸಿರು ಬಿಡುತ್ತ ಬಂದ. "ವಿಡಿಯೋ ಅರಣ್ಯ ಇಲಾಖೆತನಕ ಹೋಗೇತಂತ! ರಾಷ್ಟ್ರಪಕ್ಷಿನ ಕಾಡಿದ್ರ ಜೈಲು ಗ್ಯಾರಂಟಿ!"

"ನೀವ ಹೇಳಿದ್ರೆಲ್ರಿ ನಿಂದ್ರು ಅಂತ?"

"ನಿಂದ್ರು ಅಂದೆ. ವಿಡಿಯೋದಾಗ ಬಾ ಅಂದಿದ್ನೇನು?"

ಮೂರು ಗಂಟೆಗೆ ಮನೆಯ ಮುಂದೆ ಜೀಪು ನಿಂತಿತು. ಕರಿಬಸಪ್ಪ ಜೋಳದ ಚೀಲಗಳ ಹಿಂದೆ ಅಡಗಿದ.

"ಹೊರಗ ಬರ್ರಿ, ಸಾಹೇಬ್ರು ಕರಿಯಾಕತ್ತಾರ," ಎಂದು ಹೆಂಡತಿ ನೀಲಾಂಬಿಕಾ ಕೂಗಿದಳು.

ಕೈಮುಗಿದುಕೊಂಡೇ ಬಂದ. "ಸಾಹೇಬ್ರ, ತಪ್ಪಾತ್ರಿ..."

ಅಧಿಕಾರಿ ಆ ಕೈಗಳನ್ನೇ ಹಿಡಿದು ಕುಲುಕಿದ. "ತಪ್ಪು ನಮ್ದ್ರಿ! ಇಷ್ಟು ದಿನ ನಿಮ್ಮನ್ನ ಗುರ್ತ ಹಿಡೀಲಿಲ್ಲ. ನವಿಲಿಗೆ ಆಡಾಕ ಕನ್ನಡಿ, ಕುಂದ್ರಾಕ ನೆರಳು! ಇಂಥಾ ಪಕ್ಷಿಪ್ರೇಮಿ ನಮ್ಮ ಊರಾಗ ಇನ್ನೊಬ್ರಿಲ್ಲ. ನಾಳೆಯಿಂದ ಸಾಲಿ ಹುಡುಗ್ರನ್ನ ನೋಡಾಕ ಕರಕೊಂಡು ಬರ್ತೇವಿ. ಈ ನವಿಲು ಇಲ್ಲಿಂದ ಹೋಗಬಾರ್ದು, ನೋಡ್ರಿ!"

ಜೈಲಿಲ್ಲವೆಂದು ತಿಳಿದು ಕರಿಬಸಪ್ಪನಿಗೆ ಹೋದ ಜೀವ ಬಂತು. ಅಂಗಳಕ್ಕೆ ಕುರ್ಚಿ ಬಂತು, ಅವನ ಹೆಗಲಿಗೆ ಶಾಲು ಬಂತು. ಸೇರಿದ ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸರೋಜವ್ವ ಓಡಿ ಬಂದು ಅವನ ಕೊರಳಿಗೊಂದು ಹಾರ ಹಾಕಿದಳು. ಘಮಘಮಿಸುವ ಗುಲಾಬಿ ಹಾರ.

ಕರಿಬಸಪ್ಪ ಮೆಲ್ಲಗೆ ಕುಂಡದ ಕಡೆ ತಿರುಗಿದ. ಗಿಡದಲ್ಲಿ ಮುಳ್ಳುಗಳು ಮಾತ್ರ ಉಳಿದಿದ್ದವು.

"ಸನ್ಮಾನ ಅಂದಮ್ಯಾಲ ಹಾರ ಬ್ಯಾಡೇನ್ರಿ?" ಎಂದಳು ಸರೋಜವ್ವ ಬೆವರೊರೆಸಿಕೊಳ್ಳುತ್ತ. "ಪ್ಯಾಟಿಗೆ ಹೋಗಾಕ ಟೈಮೆಲ್ಲಿತ್ತು? ಪುಣ್ಯಾಕ್ಕ ನಿಮ್ಮ ಗಿಡದಾಗ ಏಳೂ ಇದ್ದುವು."

ಅಯಾಜ್ ಫೋಟೋಕ್ಕೆ ಮೊಬೈಲ್ ಎತ್ತಿದ. ನವಿಲು ಕುರ್ಚಿಯ ತೋಳಿನ ಮೇಲೆ ಹಾರಿ ಕೂತು, ಕತ್ತು ಚಾಚಿ, ಹಾರದ ಮೊದಲನೆಯ ಗುಲಾಬಿಯನ್ನು ಕಿತ್ತುಕೊಂಡಿತು. ಕರಿಬಸಪ್ಪ ಕೈ ಎತ್ತಿದ.

"ಅಳಗಾಡಬ್ಯಾಡ್ರಿ!" ಅಧಿಕಾರಿ ಆನಂದದಿಂದ ಕೂಗಿದ. "ತಿನ್ಲಿ ಬಿಡ್ರಿ. ಫೋಟೋ ಭಾರಿ ಬರ್ತೈತಿ."