ಗ್ಯಾನಮ್ಮನ ಹಿಂದೆ ಶಿವಕಾಂತ

ಮಸ್ಕಿಯಲ್ಲಿ ಒಬ್ಬ ಮನುಷ್ಯ ರಾತ್ರಿ ಮಿರ್ಚಿ ಭಜಿ ಹೆಚ್ಚಿಗೆ ತಿಂದ ಕಾರಣಕ್ಕೆ ಸಿಂಧನೂರಿನಲ್ಲಿ ಇನ್ನೊಬ್ಬ ಮನುಷ್ಯನ ಮರ್ಯಾದೆ ಹೋಗುತ್ತದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಪಾತ್ರೆ ಅಂಗಡಿಯ ಶಿವಕಾಂತನಿಗೆ ಆದದ್ದು ಮಾತ್ರ ಅದೇ.

ಶಿವಕಾಂತ ಓಡುವವನು. ಪದಕದ ಆಸೆಯಿಂದ ಓಡಲು ಹೊರಟವನಲ್ಲ. ಡಾಕ್ಟರು ಸಕ್ಕರೆ ಸ್ವಲ್ಪ ಮೇಲಿದೆ ಎಂದಾಗ ನಡೆಯತೊಡಗಿದ. ನಡಿಗೆ ಚಟವಾಯಿತು, ಚಟ ಓಟವಾಯಿತು. ಓಟ ಶುರುವಾದ ಮೇಲೆ ಸುತ್ತಲ ಊರುಗಳಲ್ಲಿ ಯಾರು ಸ್ಪರ್ಧೆ ಇಟ್ಟರೂ ಹೆಸರು ಕೊಡತೊಡಗಿದ. ಲಿಂಗಸುಗೂರಿನಲ್ಲಿ ಓಡಿದ, ಎಲ್ಲರಿಗಿಂತ ಕೊನೆಗೆ ಬಂದ. ಆಂಬುಲೆನ್ಸ್ ಅವನ ಬೆನ್ನ ಹಿಂದೆ ಎಷ್ಟು ನಿಧಾನವಾಗಿ ಬಂದಿತ್ತೆಂದರೆ, ರಸ್ತೆ ಬದಿಯ ಹೆಂಗಸರು ಒಳಗೆ ಮಲಗಿದವರು ಯಾರೋ ಏನೋ ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಿದ್ದರು. ಮಸ್ಕಿಯಲ್ಲಿ ಓಡಿದ, ಅಲ್ಲೂ ಕೊನೆ. ಅವನು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದವರು, "ಅಣ್ಣಾ, ಈ ಗೂಟ ಸ್ವಲ್ಪ ಹಿಡೀರಿ" ಎಂದಿದ್ದರು. ಹಿಡಿದಿದ್ದ.

ಇದನ್ನೆಲ್ಲ ಊರಿಗೆ ಸಾರಿದವನು ಪಕ್ಕದ ಮೊಬೈಲ್ ಅಂಗಡಿಯ ಕನಕರಾಜ. ಅವನೂ ಓಡುವವನೇ. ಅವನೇನು ಜಿಂಕೆಯಲ್ಲ, ಪ್ರತಿ ಸಲವೂ ಶಿವಕಾಂತನಿಗಿಂತ ಒಂದೇ ಸ್ಥಾನ ಮುಂದೆ ಬರುತ್ತಿದ್ದ. ಆದರೆ ಆ ಒಂದು ಸ್ಥಾನದ ಮೇಲೆ ಅರಮನೆ ಕಟ್ಟಿಕೊಂಡು ಕೂತಿದ್ದ. ಶಿವಕಾಂತನ ಅಂಗಡಿಗೆ ಕೊಡ ಕೊಳ್ಳಲು ಯಾರಾದರೂ ಬಂದರೆ ತನ್ನ ಕಟ್ಟೆಯಿಂದಲೇ ಕೂಗುತ್ತಿದ್ದ: "ಸ್ವಲ್ಪ ಕಾಯ್ರಿ, ಸಾಹುಕಾರ್ರು ಮಸ್ಕಿಯಿಂದ ಇನ್ನಾ ಓಡಿ ಬರಾಕತ್ಯಾರ!"

ಹೀಗಾಗಿ ಸಿಂಧನೂರಿನಲ್ಲೇ ಓಟ ಎಂದಾಗ ಶಿವಕಾಂತ ಗಟ್ಟಿ ಮನಸ್ಸು ಮಾಡಿದ. ನಸುಕಿನಲ್ಲೆದ್ದು ಕಾಲುವೆ ದಂಡೆಯ ಮೇಲೆ ಓಡಿದ. ಭಜಿ ಬಿಟ್ಟ, ಎರಡನೇ ಸಲದ ಅನ್ನ ಬಿಟ್ಟ. ಹೆಂಡತಿ ರಾಜಶ್ರೀ ಹೊರಡುವಾಗ ಬಾಗಿಲಲ್ಲಿ ನಿಂತು, "ಮೊದಲ ನಂಬರ್ ಬ್ಯಾಡ್ರೀ, ಆ ಕನಕರಾಜ ಒಬ್ಬಾತ ನಿಮ್ಮ ಹಿಂದ ಬಂದ್ರ ಸಾಕು. ಹೋಳಿಗಿ ಮಾಡಿ ಅವನ ಮನಿಗೂ ಕಳಿಸ್ತೀನಿ" ಎಂದಳು.

ಜನವರಿಯ ಚಳಿ. ತುರ್ವಿಹಾಳ ರಸ್ತೆಯ ಕಾಲುವೆ ಸೇತುವೆಯ ಬಳಿ ಜನ ಸೇರಿದ್ದರು. ಅಲ್ಲಿಂದ ಹೊರಟು ಸಿಂಧನೂರಿನ ಕಾಲೇಜು ಮೈದಾನ ಮುಟ್ಟಬೇಕು. ಎಲ್ಲರ ಮೈಮೇಲೂ ಒಂದೇ ಬಗೆಯ ಹಳದಿ ತುಂಬುತೋಳಿನ ಅಂಗಿ, ಎದೆಯ ಮೇಲೆ ಪಿನ್ನು ಚುಚ್ಚಿದ ನಂಬರು. ಶಿವಕಾಂತ ಕಾಲು ಝಾಡಿಸುತ್ತ ನಿಂತಿದ್ದಾಗ ಓಟದ ಮುಖ್ಯಸ್ಥರಾದ ಅಮರಗುಂಡಪ್ಪ ಮಾಸ್ತರರು ಕೈಯಲ್ಲಿ ಕೇಸರಿ ಜಾಕೆಟ್ಟೊಂದನ್ನು ಹಿಡಿದು ಬಂದರು.

"ಶಿವಕಾಂತಾ, ನಿನ್ನ ಹುಡುಕಾಕತ್ತಿದ್ನೆಪಾ. ಮಸ್ಕಿಯಿಂದ ಒಬ್ಬಾತ ಬರಬೇಕಿತ್ತು. ಭಜಿ ತಿಂದು ಹೊಟ್ಟಿ ಕೆಡಿಸ್ಕೊಂಡು ಮಲಗ್ಯಾನ. ಇದನ್ನ ನೀ ಹಾಕ್ಕೋ."

ಜಾಕೆಟ್ಟಿನ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ಕೊನೆಯವರು' ಎಂದು ಬರೆದಿತ್ತು.

"ಮಾಸ್ತರ್ರೀ, ಈ ಸಲ ನಾ ಸ್ವಲ್ಪ ಜೋರು ಓಡಬೇಕಂತ..."

"ಜೋರು ಓಡೋರು ಬೇಕಾದಷ್ಟು ಮಂದಿ ಅದಾರ. ಹಿಂದ ಉಳಿಯೋರು ಸಿಗೂದಿಲ್ಲ ನೋಡು. ನಿನಗ ಅನುಭವ ಐತಿ." ಮಾಸ್ತರರು ತಾವೇ ಅವನ ತೋಳಿಗೆ ಜಾಕೆಟ್ಟು ಏರಿಸಿದರು. "ನಿನ್ನ ಹಿಂದ ನಂಬರ್ ಹಚ್ಚಿದ ಒಂದು ನರಪಿಳ್ಳಿನೂ ಉಳೀಬಾರದು. ಕಡೀ ಮನಷ್ಯಾ ಗೆರಿ ದಾಟಿದ ಮ್ಯಾಲೇ ನೀ ದಾಟಬೇಕು. ನಿನ್ನ ನೋಡಿನಽ ನೀರಿನ ಟೇಬಲ್ ಎತ್ತತಾರ, ರಸ್ತಾ ಬಿಡ್ತಾರ. ದೊಡ್ಡ ಜವಾಬ್ದಾರಿ."

ಮಾಸ್ತರರು ಅವನಿಗೆ ಶಾಲೆಯಲ್ಲಿ ಡ್ರಿಲ್ ಕಲಿಸಿದವರು. ಅವರ ಸೀಟಿಗೆ ಅಂದು ಹೇಗೆ ನಿಲ್ಲುತ್ತಿದ್ದನೋ ನಲವತ್ತು ದಾಟಿದ ಮೇಲೂ ಹಾಗೇ ನಿಂತ. ಕನಕರಾಜ ಹಿಂದಿನಿಂದ ಬಂದು ಬೆನ್ನ ಮೇಲಿನ ಅಕ್ಷರಗಳನ್ನು ಬಿಡಿಸಿ ಬಿಡಿಸಿ ಓದಿ, "ಭಾಳ ಚಲೋ ಒಪ್ಪತೈತಿ ಅಣ್ಣಾ, ದರ್ಜಿ ನಿನ್ನ ಅಳತಿ ತಗೊಂಡೇ ಹೊಲದಾನ" ಎಂದ.

ಓಟ ಶುರುವಾಯಿತು. ಎಲ್ಲರೂ ಚೆಲ್ಲಿದ ಕಾಳಿನಂತೆ ಚದುರಿ ಮುಂದೆ ಹೋದರು. ಕೊನೆಗುಳಿದವನು ಬ್ಯಾಂಕಿನ ಸೂಗಪ್ಪ, ಉಪ್ಪಿಟ್ಟು ಕೊಡುತ್ತಾರೆಂದು ಕೇಳಿ ಬಂದವನು. ಮೊದಲ ನೀರಿನ ಟೇಬಲ್ಲಿಗೇ ಅವನು ಎದೆ ಹಿಡಿದುಕೊಂಡು, "ಜೀವ ಇದ್ರ ಮತ್ತ ಓಡಬಹುದು" ಎಂದು ಹಿಂದೆ ಬರುತ್ತಿದ್ದ ಆಂಬುಲೆನ್ಸ್ ಹತ್ತಿ ಕೂತ. ಹತ್ತುವಾಗ ಟೇಬಲ್ಲಿನ ಮೇಲಿನ ಬಾಳೆಹಣ್ಣಿನ ಚಿಪ್ಪೊಂದನ್ನೂ ಎತ್ತಿಕೊಂಡ.

ಈಗ ಎಲ್ಲರಿಗಿಂತ ಹಿಂದಿನವನು ಯಾರು ಎಂದು ಶಿವಕಾಂತ ಕಣ್ಣು ಹಾಯಿಸಿದ. ನೋಡಿದರೆ ಮುಂದೆ ಕನಕರಾಜ! ಮೀನಖಂಡ ಹಿಡಿದು, ಕುಂಟುತ್ತ, ಮುಳ್ಳು ತುಳಿದ ಕೋಳಿಯ ಹಾಗೆ ಹೋಗುತ್ತಿದ್ದ.

ಶಿವಕಾಂತನ ಎದೆಯಲ್ಲಿ ಹಲಗೆ ಬಾರಿಸಿದಂತಾಯಿತು. ತಾನು ಜಾಕೆಟ್ಟಿನವನು, ಲೆಕ್ಕಕ್ಕಿಲ್ಲ. ಕನಕರಾಜ ಹೀಗೇ ಕುಂಟುತ್ತ ಗೆರೆ ದಾಟಿದರೆ ಇಂದಿನ ಕೊನೆಯ ಓಟಗಾರ ಅವನೇ! ಊರೆಲ್ಲ ನೋಡುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಅವನ ಬೆನ್ನಿಗೇ ಹತ್ತಿ, ಅತ್ಯಂತ ಕರುಣೆಯ ದನಿಯಲ್ಲಿ ಶಿವಕಾಂತ ಹೇಳಿದ: "ನಿಧಾನ ಕನಕರಾಜಾ, ಅವಸರ ಬ್ಯಾಡ. ನಾ ಅದೀನಿ ಹಿಂದ."

ಕನಕರಾಜ ಹಲ್ಲು ಕಡಿದು ತಿರುಗಿ ನೋಡಿದ. ನೋಡುತ್ತಲೇ ಮುಖ ಅರಳಿತು. "ಅಣ್ಣಾ, ನನ್ನ ಬಿಡು. ನಿನ್ನ ಗಿರಾಕಿ ಅಲ್ಲಿ ಬಂತು ನೋಡು!"

ಹೊಲದ ಕಡೆಯ ಕಾಲುದಾರಿಯಿಂದ ಒಬ್ಬ ಮುದುಕಿ ರಸ್ತೆಗೆ ಏರುತ್ತಿದ್ದಳು. ಸೀರೆಯ ಮೇಲೆ ಅದೇ ಹಳದಿ ಅಂಗಿ. ಎದೆಯ ಮೇಲೆ ನಂಬರು. ತಲೆಯ ಮೇಲೆ ಬುತ್ತಿಗಂಟು, ಕೈಯಲ್ಲಿ ನೀರಿನ ಕ್ಯಾನು.

ಕನಕರಾಜ ಒಂಟಿ ಕಾಲಲ್ಲೇ ಕುಪ್ಪಳಿಸುತ್ತ ದೂರವಾದ. ಶಿವಕಾಂತ ನಿಂತುಬಿಟ್ಟ. ಅವನ ಹಿಂದೆ ಆಂಬುಲೆನ್ಸೂ ನಿಂತಿತು.

"ಯಾಕಪಾ, ಯಾಕ ನಿಂತಿ?" ಮುದುಕಿ ಕೇಳಿದಳು.

"ನೀವು ಮುಂದ ನಡೀರಿ ಅಮ್ಮಾ. ನಾ ನಿಮ್ಮ ಹಿಂದ ಬರಬೇಕು, ಡ್ಯೂಟಿ."

ಗ್ಯಾನಮ್ಮ, ಅದು ಅವಳ ಹೆಸರು, ಒಂದು ಗಳಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹುಟ್ಟಿದಾಗಿನಿಂದ ಅವಳು ದನದ ಹಿಂದೆ ನಡೆದಿದ್ದಳು, ಗಂಡನ ಹಿಂದೆ ನಡೆದಿದ್ದಳು. ಅವಳ ಹಿಂದೆ ಡ್ಯೂಟಿಯೆಂದು ಯಾರೂ ನಡೆದಿರಲಿಲ್ಲ. "ಬಾ ಹಂಗಾದ್ರ" ಎಂದು ಸೆರಗು ಸರಿಮಾಡಿಕೊಂಡು ಮುಂದಾದಳು.

ಅವಳ ನಡಿಗೆಯಲ್ಲಿ ಅವಸರವೆಂಬುದು ಇರಲಿಲ್ಲ. ಶಿವಕಾಂತ ಅವಳ ಹಿಂದೆ ನಿಂತಲ್ಲೇ ಕುಣಿದಂತೆ ಓಡುತ್ತ ಬಂದ.

"ಅಮ್ಮಾ, ಕಡೀತನ ಮುಟ್ತೀರಿ ತಾನ?"

"ದಿನಾ ಮುಟ್ತೀನಿ. ಇವತ್ತೇನು ಹೊಸಾದು?"

"ದಿನಾ ಬರ್ತೀರಾ?" ಶಿವಕಾಂತ ಬೆರಗಾದ. ಈ ವಯಸ್ಸಿನಲ್ಲಿ ಎಂಥ ಶಿಸ್ತು!

"ಒಂದಿನ ತಪ್ಪಿಸಿದ್ರ ಮೈ ಕೇಳಂಗಿಲ್ಲಪ್ಪ, ಮನಿನೂ ಕೇಳಂಗಿಲ್ಲ."

"ಇವತ್ತ ಸ್ವಲ್ಪ ಜೋರು ಹೆಜ್ಜಿ ಹಾಕಿದ್ರ ಚಲೋ ಇತ್ರೀ..."

"ಜೋರು ಹೋದ್ರ ನನಗೊಬ್ಬಾಕಿಗೆ ಹೆಚ್ಚು ಕೊಡ್ತಾರೇನು? ಮುಂದ ಹೋದೋರಿಗೂ ಅಷ್ಟಽ, ಹಿಂದ ಬಂದೋರಿಗೂ ಅಷ್ಟಽ."

ಪದಕದ ವಿಷಯವಾಗಿ ಇಷ್ಟು ದೊಡ್ಡ ಮನಸ್ಸಿನ ಮಾತನ್ನು ಶಿವಕಾಂತ ಯಾವ ಓಟಗಾರನ ಬಾಯಲ್ಲೂ ಕೇಳಿರಲಿಲ್ಲ. ನಾಚಿಕೆಯಾಗಿ, ಬುತ್ತಿಗಂಟನ್ನೂ ಕ್ಯಾನನ್ನೂ ತಾನೇ ಇಸಿದುಕೊಂಡ. ಭಾರ ಇಳಿದರೆ ವೇಗ ಏರೀತು ಎಂಬ ಸಣ್ಣ ಆಸೆಯೂ ಇತ್ತು. ಏರಲಿಲ್ಲ. ಕೈ ಖಾಲಿಯಾದದ್ದಕ್ಕೆ ಗ್ಯಾನಮ್ಮ ಎಲೆ ಅಡಿಕೆ ಚೀಲ ಬಿಚ್ಚಿದಳು.

ಮುಂದಿನ ನೀರಿನ ಟೇಬಲ್ಲಿನ ಹುಡುಗಿಯರು ಅವಳನ್ನು ಕಂಡು ಚಪ್ಪಾಳೆ ತಟ್ಟಿದರು, ಫೋಟೋ ಹೊಡೆದರು, ಹೆಸರು ಕೇಳಿ ಮೈದಾನಕ್ಕೆ ಫೋನು ಹಚ್ಚಿದರು. "ಸರ, ಒಬ್ಬ ಅಜ್ಜಿ ಓಡಾಕತ್ಯಾರ! ಹೆಸರು ಗ್ಯಾನಮ್ಮ ಅಂತ!" ಗ್ಯಾನಮ್ಮ ಚಪ್ಪಾಳೆಗೆ ತಲೆಯಾಡಿಸಿ, ಕೊಟ್ಟ ಬಾಳೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು. ಆಂಬುಲೆನ್ಸಿನ ಕಿಟಕಿಯಿಂದ ಸೂಗಪ್ಪ ತಲೆ ಹಾಕಿ, "ಉಸಿರು ಮೂಗಿನಾಗ ತಗೋಬೇಕು ಯಮ್ಮಾ, ಬಾಯಾಗ ಬಿಡಬೇಕು" ಎಂದು ಸಿಪ್ಪೆ ಎಸೆದ.

ಚಹಾದ ಗೂಡಂಗಡಿ ಬಂತು. ಅಲ್ಲಿ ಗ್ಯಾನಮ್ಮನ ಗೆಳತಿ ಇಮಾಮ್‌ಬೀ ಗಂಡನ ಹಳೇ ಚೌಕಳಿ ಅಂಗಿ ತೊಟ್ಟು ಕಾಯುತ್ತಿದ್ದಳು. ಅವಳ ಎದೆಯ ಮೇಲೆ ನಂಬರಿಲ್ಲ ಎಂದು ಶಿವಕಾಂತ ದೇವರನ್ನು ನೆನೆದ. ಇಬ್ಬರೂ ಕೂತು ಚಹಾ ಕುಡಿದರು. ಶಿವಕಾಂತನೂ ಕುಡಿದ, ದುಡ್ಡೂ ಅವನೇ ಕೊಟ್ಟ.

"ಯಾರೇ ಇವರು?" ಇಮಾಮ್‌ಬೀ ಪಿಸುಗುಟ್ಟಿದಳು.

"ಗೊತ್ತಿಲ್ಲವ್ವ. ಡ್ಯೂಟಿ ಅಂತ ಹಿಂದ ಬರಾಕತ್ಯಾರ. ಗಂಟೂ ಹೊತ್ತಾರ. ಪಾಪ, ಚಲೋ ಮನಷ್ಯಾ."

ಮತ್ತೆ ಮೆರವಣಿಗೆ ಹೊರಟಿತು. ಮುಂದೆ ಇಬ್ಬರು ಮುದುಕಿಯರು, ಅವರ ಹಿಂದೆ ಬುತ್ತಿ ಹೊತ್ತ ಶಿವಕಾಂತ, ಅವನ ಹಿಂದೆ ಗೊರಕೆ ಹೊಡೆಯುವ ಎಮ್ಮೆಯಂತೆ ಆಂಬುಲೆನ್ಸು. ಎದುರಿಗೆ ಬಂದ ಟ್ರ್ಯಾಕ್ಟರುಗಳು ಗೌರವದಿಂದ ಬದಿಗೆ ನಿಂತವು. ಬಿಸಿಲು ಏರಿತು. ಊರಿನ ನೀರಿನ ಟ್ಯಾಂಕು ಕಣ್ಣಿಗೆ ಬಿದ್ದಾಗ ಶಿವಕಾಂತನಿಗೆ ಹೋದ ಜೀವ ಬಂತು. ಇನ್ನೇನು ಮುಗಿಯಿತು, ಕೊನೆಯವಳು ಗ್ಯಾನಮ್ಮ, ತಾನಲ್ಲ. ಕನಕರಾಜನೂ ಅಲ್ಲ, ಅದೊಂದೇ ಕೊರಗು.

ಆಗ ಗ್ಯಾನಮ್ಮ ರಸ್ತೆ ಬಿಟ್ಟು ಎಡಕ್ಕೆ ಬದುವಿನ ಮೇಲೆ ಇಳಿದಳು. ಹಿಂದೆ ಇಮಾಮ್‌ಬೀ.

"ಅಮ್ಮಾ! ಸೀದಾ ರೀ, ಸೀದಾ! ಗೆರಿ ಅಲ್ಲೈತಿ!"

"ನಿನ್ನ ಗೆರಿ ಎಲ್ಲೈತೋ ನನಗ್ಯಾಕಪ. ನನ್ನ ಕೂಲಿ ಗದ್ದಿ ಇಲ್ಲೈತಿ." ಗ್ಯಾನಮ್ಮ ಸೀರೆ ಎತ್ತಿ ಕಟ್ಟಿದಳು. ಕೆಸರುಗದ್ದೆಯಲ್ಲಿ ಆಗಲೇ ಹೆಂಗಸರ ಸಾಲು ಭತ್ತದ ಸಸಿ ಹಚ್ಚುತ್ತಿತ್ತು. ಎಲ್ಲರ ಮೈಮೇಲೂ ಸೀರೆಯ ಮೇಲೊಂದು ಗಂಡಸರ ಅಂಗಿ. "ತಡಾ ಆತು. ಆ ಗಂಟು ಇಲ್ಲಿ ಬದುವಿನ ಮ್ಯಾಲಿಡು."

"ಮತ್ತ ಈ ಅಂಗಿ? ಈ ನಂಬರು?"

"ಇದಾ? ಮಮ್ಮಗಳು ಅಂಜಲಿದು. ಕಾಲೇಜಿನಾಗ ಕೊಟ್ಟಾರಂತ. ಆಕಿ ಲಿಂಗಸುಗೂರಿಗೆ ಹೆಸರಿಡೋ ಕಾರ್ಯಕ್ಕ ಹೋಗ್ಯಾಳ. ತುಂಬುತೋಳು ಐತಿ, ಗಟ್ಟಿ ಐತಿ, ಕೆಸರಿಗೆ ಚಲೋ ಅಂತ ಹಾಕ್ಕೊಂಡೆ. ಕಾಗದ ಕೀಳಾಕ ಹೋದ್ರ ಅಂಗಿ ಹರೀತೈತಿ ಅಂತ ಬಿಟ್ಟೀನಿ."

ಶಿವಕಾಂತ ಬದುವಿನ ಮೇಲೆ ಕುಸಿದು ಕೂತ. "ಅಲ್ಲಮ್ಮಾ, ಇಷ್ಟೊತ್ತು ನಾ ಯಾರಂತ ತಿಳದಿದ್ರಿ?"

"ಸರಕಾರದವ ಅಂದ್ಕೊಂಡೆ" ಗ್ಯಾನಮ್ಮ ಹೇಳಿದಳು. "ಹಿಂದ ದವಾಖಾನಿ ಗಾಡಿ ಬ್ಯಾರೆ ಇತ್ತು. ಮುದುಕೇರಿಗೆ ಹೊಸಾ ಯೋಜನಾ ಬಂದಿರಬೇಕು ಅಂತ."

ಶಿವಕಾಂತ ಎದ್ದು ರಸ್ತೆಗೆ ಬಂದು ಓಡತೊಡಗಿದ. ಇಡೀ ಬೆಳಿಗ್ಗೆ ಕಟ್ಟಿಹಾಕಿದ ಹೋರಿಯಂತಿದ್ದ ಕಾಲುಗಳು ಬಿಚ್ಚಿಕೊಂಡವು. ಅಷ್ಟು ಜೋರಾಗಿ ಅವನು ಎಂದೂ ಓಡಿರಲಿಲ್ಲ. ಆಂಬುಲೆನ್ಸಿನ ಚಾಲಕ ಗೇರು ಬದಲಿಸಬೇಕಾಯಿತು. ಅದನ್ನು ನೋಡಲು ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಆದರೆ ಮೈದಾನ ತುಂಬಿತ್ತು. ಡೊಳ್ಳು ಬಾರಿಸುತ್ತಿದ್ದರು. ಗೆರೆಯ ಆಚೆ ಜನ, ಮೊಬೈಲು ಎತ್ತಿ ಹಿಡಿದ ಕೈಗಳು, ದಪ್ಪ ಹೂವಿನ ಹಾರ. ತನಗೇ ಎಂದು ಶಿವಕಾಂತನ ಕಣ್ಣಲ್ಲಿ ನೀರು ಬಂತು. ಗೆರೆಗೆ ಇನ್ನೊಂದು ಹೆಜ್ಜೆ ಇರುವಾಗ ಅಮರಗುಂಡಪ್ಪ ಮಾಸ್ತರರು ಸೀಟಿ ಊದಿದರು. ಕಾಲುಗಳು ತಾವಾಗಿಯೇ ನಿಂತವು.

"ಗ್ಯಾನಮ್ಮ ಎಲ್ಲಿ?"

ಶಿವಕಾಂತ ಏದುತ್ತ ನಡೆದದ್ದನ್ನೆಲ್ಲ ಹೇಳಿದ. ಮಾಸ್ತರರು ಅವನನ್ನು ಬದಿಗೆ ಎಳೆದರು. "ಮೆಲ್ಲಗ ಮಾತಾಡೋ! ಬಹುಮಾನ ಕೊಡಾಕ ಬಂದ ಸಾಹೇಬ್ರು ಆಗಿಂದ ಹಾರ ಹಿಡ್ಕೊಂಡು ನಿಂತಾರ. ಭಾಷಣದಾಗ ಆಕಿ ಹೆಸರು ತಗೊಂಡು ತಗೊಂಡು ಕಣ್ಣೀರು ಹಾಕ್ಯಾರ. ಈಗ ಆಕಿ ಓಡೇ ಇಲ್ಲಂದ್ರ ಊರಿನ ಮರ್ಯಾದಿ ಏನಾತು? ಹೋಗು, ಕರ್ಕೊಂಡು ಬಾ. ಗೇಟಿನ ಹೊರಗ ಇಳಿಸಿದ್ರ ಗೆರಿ ನಡದು ದಾಟತಾಳ."

"ನಾ ಗೆರಿ ದಾಟಿ ಹೋಗ್ಲೇನ್ರಿ?"

"ನಿನ್ನ ಹಿಂದ ಒಂದು ನಂಬರ್ ಉಳದೈತಿ. ಹೆಂಗ ದಾಟ್ತಿ?"

ಆಂಬುಲೆನ್ಸ್ ತಿರುಗಿತು. ಈ ಸಲ ಶಿವಕಾಂತನೂ ಒಳಗೆ ಕೂತಿದ್ದ. ಸೂಗಪ್ಪ ಮಲಗಿಯೇ ಇದ್ದ.

ಗ್ಯಾನಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹಾರ ಎಂದಾಗ ಮುಖ ಸ್ವಲ್ಪ ಮೆತ್ತಗಾಯಿತು. ಆದರೂ ತಲೆಯಾಡಿಸಿದಳು. "ಗುತ್ತಿಗಿ ಕೆಲಸ ತಮ್ಮಾ. ನಾ ಬಿಟ್ಟು ಹೋದ್ರ ನನ್ನ ಪಾಲು ಈ ಹೆಣ್ಮಕ್ಕಳ ಮ್ಯಾಲ ಬೀಳತೈತಿ. ಸುಮ್ನ ಆಗಂಗಿಲ್ಲ."

ಇಮಾಮ್‌ಬೀ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. "ಅದಕ್ಕ್ಯಾಕ ಫಿಕರ್ ಮಾಡ್ತಿ? ಇವರದಾರಲ್ಲ. ಮುಂಜಾನಿಂದ ನಿನ್ನ ಹಿಂದಽ ಅದಾರ. ನಿನ್ನ ಜಾಗಾದಾಗ ನಿಂದರ್ಲಿ."

ಸಾಲಿನ ಹೆಂಗಸರೆಲ್ಲ ಇದೇ ಸರಿಯೆಂದರು. ಶಿವಕಾಂತ ಬೂಟು ಬಿಚ್ಚಿದ. ಆಂಬುಲೆನ್ಸ್ ಗ್ಯಾನಮ್ಮನನ್ನು ಹತ್ತಿಸಿಕೊಂಡು, ಅಂದು ಮೊದಲ ಬಾರಿಗೆ ಸೈರನ್ ಹಾಕಿಕೊಂಡು ಹೋಯಿತು.

ಗಾಳಿ ಊರ ಕಡೆಯಿಂದ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಡೊಳ್ಳಿನ ಸದ್ದು ಕೇಳಿತು, ಅದರ ಬೆನ್ನಿಗೆ ಮೈಕು. "ಇಳಿವಯಸ್ಸಿನಲ್ಲೂ ಗುರಿ ಮುಟ್ಟಿದ ಗ್ಯಾನಮ್ಮನವರು! ಹಾಗೂ ಅವರಿಗೆ ದಾರಿಯುದ್ದಕ್ಕೂ ಬೆಂಗಾವಲಾಗಿ ನಿಂತು, ಉಸಿರಾಟವನ್ನೂ ಹೇಳಿಕೊಟ್ಟು ಕರೆತಂದ ನಮ್ಮ ಸೂಗಪ್ಪನವರು! ದಯವಿಟ್ಟು ವೇದಿಕೆಗೆ ಬರಬೇಕು!" ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅದರ ನಡುವೆ ಸೀಟಿ ಹೊಡೆದವನು ಕನಕರಾಜನೇ ಎಂದು ಶಿವಕಾಂತನಿಗೆ ಖಾತ್ರಿಯಾಗಿ ಗೊತ್ತಾಯಿತು.

ಅವನು ಬಗ್ಗಿ ಸಸಿ ಹಚ್ಚಿದ. ಒಂದು ಹಚ್ಚುವಷ್ಟರಲ್ಲಿ ಇನ್ನೊಂದು ತೇಲಿತು. ಅದನ್ನು ಊರಿ, ಸೊಂಟ ಹಿಡಿದು ತಲೆಯೆತ್ತಿದರೆ ಸುತ್ತ ಯಾರೂ ಇಲ್ಲ. ಹೆಂಗಸರೆಲ್ಲ ಎಲ್ಲಿ ಹೋದರೆಂದು ತಿರುಗಿ ನೋಡಿದ. ಸಾಲು ಹಚ್ಚುತ್ತ ಹಚ್ಚುತ್ತ ಹಿಂದೆ ಸರಿದು ಬಹಳ ದೂರ ಹೋಗಿತ್ತು.

"ಅಣ್ಣಾರ, ಇಲ್ಲಿ ಹಿಂದ ಹಿಂದ ಬರಬೇಕ್ರೀ!" ಇಮಾಮ್‌ಬೀ ಅಲ್ಲಿಂದ ಕೂಗಿದಳು. "ನೀವೊಬ್ಬರ ಎಲ್ಲಾರಕಿಂತ ಮುಂದ ಅದೀರಿ!"